ಕೃಷ್ಣೆಯ ತವರಿನಲ್ಲಿ

ಕೇಂದ್ರ ಸರ್ಕಾರಿ ನೌಕರನ ಬದುಕಿನಲ್ಲಿ ಎಲ್.ಟಿ.ಸಿ. ಎಂಬ ಮೂರಕ್ಷರಕ್ಕೆ ಒಂದು ವಿಶೇಷ ಸ್ಥಾನವಿದೆ. ನಮ್ಮ ಕಚೇರಿಯಲ್ಲಿ ಆ ಸೌಲಭ್ಯದ ಅವಧಿ ಮುಗಿಯುತ್ತ ಬಂದಿತೆಂದರೆ ಮಧ್ಯಾಹ್ನದ ಊಟದ ಡಬ್ಬಿಗಳ ನಡುವೆ ಹಿಮಾಲಯದ ಊರುಗಳ ಹೆಸರುಗಳು ಹರಿದಾಡತೊಡಗುತ್ತವೆ: ಶಿಮ್ಲಾ, ಮನಾಲಿ, ಮಸ್ಸೂರಿ, ನೈನಿತಾಲ್, ಡಾರ್ಜಿಲಿಂಗ್. ಹೋಗಿ ಬಂದವರು ಮಂಜಿನ ಬೆಟ್ಟದ ಮುಂದೆ ತೆಗೆಸಿಕೊಂಡ ಭಾವಚಿತ್ರಗಳನ್ನು ತೋರಿಸುತ್ತಾರೆ, ಹೋಗದವರು ದರಗಳನ್ನು ವಿಚಾರಿಸುತ್ತಾರೆ. ಕಳೆದ ಸಲ ನನ್ನ ಸರದಿ ಬಂದಾಗ ನಾನೂ ಶಿಮ್ಲಾಕ್ಕೆ ಹೋಗುವ ವಿಚಾರವನ್ನು ಮನೆಯಲ್ಲಿ ಮುಂದಿಟ್ಟೆ. ನಿಗಡಿಯ ನಮ್ಮ ಮನೆಯಲ್ಲಿ ಈಗ ಕೆಲವು ವರ್ಷಗಳಿಂದ ನನ್ನ ತಾಯಿಯೂ ಇದ್ದಾರೆ. ಅವರು ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಮಾತು ಹೇಳಿದರು: "ಅಷ್ಟ್ ದೂರದ ಗುಡ್ಡ ತಗೊಂಡು ನಾ ಏನ್ ಮಾಡ್ಲಿ? ನಮ್ಮ ಹೊಳಿ ಇಲ್ಲೇ ಎಲ್ಲೋ ಹುಟ್ಟತೈತಂತಲ್ಲ, ಅದನ್ನ ತೋರಸು."

ಅವರು 'ನಮ್ಮ ಹೊಳಿ' ಎನ್ನುವುದು ಕೃಷ್ಣೆಗೆ. ನಮ್ಮದು ಬೀಳಗಿ ತಾಲ್ಲೂಕಿನಲ್ಲಿ ಕೃಷ್ಣೆಯ ದಂಡೆಯ ಮೇಲಿದ್ದ ಒಂದು ಹಳ್ಳಿ. 'ಇದ್ದ' ಎಂದೆ, ಏಕೆಂದರೆ ಈಗ ಅದು ಅಲ್ಲಿಲ್ಲ. ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದ ವರ್ಷಗಳಲ್ಲಿ ಆಲಮಟ್ಟಿಯ ಹಿನ್ನೀರು ನಮ್ಮ ಹೊಲಗಳನ್ನು, ಹನುಮಪ್ಪನ ಗುಡಿಯನ್ನು, ಕೊನೆಗೆ ನಮ್ಮ ಮಾಳಿಗೆ ಮನೆಯನ್ನು ಮುಚ್ಚಿತು. ಊರಿನ ಹೆಸರು ಮಾತ್ರ ಎತ್ತರದ ಪುನರ್ವಸತಿ ಕೇಂದ್ರಕ್ಕೆ ಹೋಗಿ ಅಲ್ಲಿನ ಫಲಕದ ಮೇಲೆ ಕುಳಿತುಕೊಂಡಿತು. ಹಾಗಿದ್ದೂ ನನ್ನ ತಾಯಿ ಆ ನದಿಯನ್ನು ಬೈದದ್ದನ್ನು ನಾನು ಕೇಳಿಲ್ಲ. ಶಿಮ್ಲಾದ ಯೋಜನೆಯನ್ನು ಮುಂದೂಡಿ, ಸಂಕ್ರಾಂತಿಯ ಹಿಂದಿನ ವಾರ ನಾವು ಮಹಾಬಳೇಶ್ವರಕ್ಕೆ ಹೊರಟೆವು.

ಹಿಮಾಲಯವನ್ನು ಬಿಟ್ಟು ಸಹ್ಯಾದ್ರಿಗೆ ಬಂದೆನಾದರೂ ಎರಡೂ ಕಡೆಯ ಗಿರಿಧಾಮಗಳ ಚರಿತ್ರೆ ಒಂದೇ ಕಾಲದ್ದು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗಿರಿಧಾಮಗಳನ್ನು ನಾವು ಪ್ರಕೃತಿಯ ಕೊಡುಗೆ ಎಂದು ತಿಳಿಯುತ್ತೇವೆ. ಆದರೆ ಅವುಗಳಲ್ಲಿ ಹೆಚ್ಚಿನವು ಯುದ್ಧಗಳ ಬೆನ್ನಿಗೆ ಹುಟ್ಟಿದವು. 1814ರಿಂದ 1816ರ ವರೆಗಿನ ಗೂರ್ಖಾ ಯುದ್ಧ ಮುಗಿದ ಮೇಲೆ ಶಿಮ್ಲಾ ಮತ್ತು ಮಸ್ಸೂರಿಯ ಬೆಟ್ಟಗಳಿಗೆ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳು ಕಾಲಿಟ್ಟರು. 1822ರಲ್ಲಿ ಚಾರ್ಲ್ಸ್ ಕೆನೆಡಿ ಶಿಮ್ಲಾದಲ್ಲಿ ಮನೆ ಕಟ್ಟಿದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ನಂತರ ನೀಲಗಿರಿ ಕಂಪನಿಯ ವಶವಾಯಿತು. ಇಪ್ಪತ್ತು ವರ್ಷಗಳ ಬಳಿಕ, 1819ರಲ್ಲಿ, ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಬೆಟ್ಟ ಹತ್ತಿದ. 1818ರಲ್ಲಿ ಪೇಶ್ವೆಯ ಆಳ್ವಿಕೆ ಕೊನೆಗೊಂಡಿತು. ಆರು ವರ್ಷಗಳಲ್ಲಿ, 1824ರಲ್ಲಿ, ಸಾತಾರಾದಲ್ಲಿದ್ದ ಸೇನಾಧಿಕಾರಿ ಪೀಟರ್ ಲಾಡ್ವಿಕ್ ಮಹಾಬಳೇಶ್ವರದ ಬೆಟ್ಟವನ್ನೇರಿದ. ಬಯಲಿನ ಜ್ವರ ಮತ್ತು ಬಿಸಿಲಿನಿಂದ ಸಾಯುತ್ತಿದ್ದ ಸೈನಿಕರಿಗೆ ತಂಪಾದ ಜಾಗ ಬೇಕಾಗಿತ್ತು. ನಾವು ಇಂದು 'ಪ್ರೇಕ್ಷಣೀಯ ಸ್ಥಳ' ಎನ್ನುವುದು ಅಂದು ಆಸ್ಪತ್ರೆಯ ಹಾಸಿಗೆಗೆ ತಕ್ಕ ಜಾಗವಾಗಿತ್ತು.

ನಿಗಡಿಯಿಂದ ಮಹಾಬಳೇಶ್ವರಕ್ಕೆ ಸುಮಾರು 130-140 ಕಿ.ಮೀ. ದೂರ. ಪುಣೆಯನ್ನು ದಾಟಿ ಸಾತಾರಾ ಹೆದ್ದಾರಿಯಲ್ಲಿ ಖಂಬಾಟ್ಕಿ ಘಾಟಿಯನ್ನೇರಿ ಇಳಿದು, ಸುರೂರಿನ ಬಳಿ ಬಲಕ್ಕೆ ತಿರುಗಿದರೆ ವಾಯಿ ಎಂಬ ಊರು ಸಿಗುತ್ತದೆ. ಇಲ್ಲಿ ಕೃಷ್ಣೆ ಇನ್ನೂ ಹುಡುಗಿ. ಕಲ್ಲಿನ ಘಾಟುಗಳ ನಡುವೆ ಮಂಡಿಯುದ್ದದ ನೀರಾಗಿ ಹರಿಯುತ್ತಾಳೆ. ದಂಡೆಯ ಮೇಲೆ ಢೋಲ್ಯಾ ಗಣಪತಿಯ ದೊಡ್ಡ ಗುಡಿಯಿದೆ. ಮರಾಠಿಯ ಮಹತ್ವದ ಜ್ಞಾನಕಾರ್ಯವಾದ ವಿಶ್ವಕೋಶವು ಪಂಡಿತ ಲಕ್ಷ್ಮಣಶಾಸ್ತ್ರಿ ಜೋಶಿಯವರ ನೇತೃತ್ವದಲ್ಲಿ ರೂಪುಗೊಂಡದ್ದು ಈ ಸಣ್ಣ ಊರಿನಲ್ಲಿ. ಹದಿನೇಳನೆಯ ಶತಮಾನದಲ್ಲಿ ವಾಯಿ ಬಿಜಾಪುರದ ಆದಿಲಶಾಹಿಗೆ ಸೇರಿತ್ತು. ಅಫಜಲಖಾನ ಇಲ್ಲಿನ ಸುಭೇದಾರನಾಗಿದ್ದ. 1659ರಲ್ಲಿ ಅವನ ಸೈನ್ಯ ಬೀಡುಬಿಟ್ಟದ್ದೂ ಇಲ್ಲಿಯೇ. ನಮ್ಮ ಕಡೆಯಿಂದ ಹೊರಟ ಒಂದು ಸೈನ್ಯ ಇದೇ ಹೊಳೆಯ ನೀರು ಕುಡಿದು, ಇದೇ ಬೆಟ್ಟವನ್ನು ನೋಡುತ್ತ ಕುಳಿತಿತ್ತು ಎಂಬ ವಿಚಾರ ಪಸರಣಿ ಘಾಟಿಯನ್ನು ಹತ್ತುವಾಗಲೆಲ್ಲ ನನ್ನನ್ನು ಹಿಂಬಾಲಿಸಿತು.

ಪಸರಣಿ ಘಾಟಿಯ ನೆತ್ತಿಯಲ್ಲಿ ಪಂಚಗಣಿ. 1860ರ ದಶಕದಲ್ಲಿ ಜಾನ್ ಚೆಸ್ಸನ್ ಎಂಬ ಆಂಗ್ಲ ಇದನ್ನು ಬೆಳೆಸಿದ. ರಸ್ತೆಯ ಇಕ್ಕೆಲಗಳಲ್ಲಿ ಕಾಣುವ ಸಿಲ್ವರ್ ಓಕ್ ಮೊದಲಾದ ಪರದೇಶಿ ಮರಗಳು ಆ ಕಾಲದ ಆಸಕ್ತಿಯ ಫಲ. ಊರಿನ ಮೇಲಿರುವ ಟೇಬಲ್ ಲ್ಯಾಂಡ್, ಹೆಸರೇ ಹೇಳುವಂತೆ, ಮೇಜಿನಷ್ಟು ಚಪ್ಪಟೆಯಾದ ಕೆಂಪು ಜಂಬಿಟ್ಟಿಗೆಯ ಬಯಲು. ಅಗ್ನಿಪರ್ವತದ ಲಾವಾ ಪದರಪದರವಾಗಿ ಹರಡಿ ದಖ್ಖನ್ನಿನ ಕಪ್ಪುಕಲ್ಲಾಯಿತು. ಅದರ ಮೇಲ್ಪದರ ಕೋಟ್ಯಂತರ ವರ್ಷಗಳ ಮಳೆಗೆ ಕೊಳೆತು, ಕಬ್ಬಿಣದಂಶ ಉಳಿದು ಈ ಕೆಂಪು ಟೋಪಿಯಾಯಿತು. ನಮ್ಮ ಬಾಗಲಕೋಟೆ, ವಿಜಯಪುರದ ಎರೆಮಣ್ಣು ಅದೇ ಲಾವಾ ಕಲ್ಲಿನ ಇನ್ನೊಂದು ರೂಪ. ಇದನ್ನು ನಾನು ವಿವರಿಸಿದಾಗ ತಾಯಿ ಒಂದು ಹೆಂಟೆ ಕೆಂಪು ಕಲ್ಲನ್ನು ಕೈಯಲ್ಲಿ ಹಿಡಿದು, "ಮಳಿ ಹೆಚ್ಚಾದ್ರ ಕೆಂಪು, ಕಡಿಮಿ ಆದ್ರ ಕರೆ" ಎಂದು ನನ್ನ ಭೂವಿಜ್ಞಾನವನ್ನು ಒಂದು ಸಾಲಿಗೆ ಇಳಿಸಿದರು.

ಮಳೆಯ ಲೆಕ್ಕವೂ ಇಲ್ಲಿ ಸೋಜಿಗದ್ದು. ಮಹಾಬಳೇಶ್ವರದಲ್ಲಿ ವರ್ಷಕ್ಕೆ ಐದು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಇಪ್ಪತ್ತು ಕಿಲೋಮೀಟರಿನೊಳಗೇ ಇರುವ ಪಂಚಗಣಿಗೆ ಅದರ ಮೂರರಲ್ಲೊಂದು ಪಾಲು ಸಿಕ್ಕರೆ ಹೆಚ್ಚು. ವಾಯಿಗೆ ಇನ್ನೂ ಕಡಿಮೆ. ಕೆಳಗೆ ವಿಜಯಪುರಕ್ಕೆ ಹೋಗುವಷ್ಟರಲ್ಲಿ 600 ಮಿಲಿಮೀಟರಿನ ಆಸುಪಾಸು. ಅರಬ್ಬೀ ಸಮುದ್ರದಿಂದ ಬಂದ ಮೋಡಗಳು ಈ ಬೆಟ್ಟದ ಗೋಡೆಗೆ ಬಡಿದು ಕೈಚೆಲ್ಲಿಬಿಡುತ್ತವೆ. ಗೋಡೆಯ ಆಚೆಗೆ ಉಳಿಯುವುದು ಬರಿ ಗಾಳಿ. ಹಾಗೆ ಮೋಡದ ಮೂಲಕ ಬರಲಾರದ ನೀರು ನದಿಯ ಮೂಲಕ ನಮ್ಮ ಕಡೆಗೆ ಬರುತ್ತದೆ. ಬರದ ನಾಡಿನ ನಮಗೆ ಕೃಷ್ಣೆ ಎಂದರೆ ಬೇರೊಬ್ಬರ ಊರಿನ ಮಳೆ.

ಈಗ ನಾವು ಮಹಾಬಳೇಶ್ವರ ಎನ್ನುವ ಪೇಟೆಯ ಹಳೆಯ ಹೆಸರು ಮಾಲ್ಕಂ ಪೇಠ್. 1827ರಿಂದ 1830ರ ವರೆಗೆ ಮುಂಬಯಿಯ ಗವರ್ನರ್ ಆಗಿದ್ದ ಸರ್ ಜಾನ್ ಮಾಲ್ಕಂನಿಂದ ಆ ಹೆಸರು ಬಂತು. ಈತ ಕನ್ನಡಿಗರಿಗೆ ಹೊಸಬನಲ್ಲ. 1799ರಲ್ಲಿ ಟಿಪ್ಪುವಿನ ಪತನದ ನಂತರ ಮೈಸೂರಿನ ಭವಿಷ್ಯವನ್ನು ನಿರ್ಧರಿಸಲು ನೇಮಕವಾದ ಆಯೋಗಕ್ಕೆ ಥಾಮಸ್ ಮನ್ರೋ ಜೊತೆಯಲ್ಲಿ ಕಾರ್ಯದರ್ಶಿಯಾಗಿದ್ದವನು ಇದೇ ಮಾಲ್ಕಂ. ಲಾಡ್ವಿಕ್ ಬೆಟ್ಟವನ್ನು ಕಂಡು ಬಂದ ಮೇಲೆ ಸಾತಾರಾದ ರೆಸಿಡೆಂಟ್ ಜಾನ್ ಬ್ರಿಗ್ಸ್ ಇಲ್ಲೊಂದು ಮನೆ ಕಟ್ಟಿಸಿದ್ದ. ಬೆಟ್ಟಕ್ಕೆ ದಾರಿಯನ್ನು ಮಾಡಿಸಿದವನು ಸಾತಾರಾದ ರಾಜ ಪ್ರತಾಪಸಿಂಹ. 1828ರಲ್ಲಿ ಮಾಲ್ಕಂ ರೋಗಿ ಸೈನಿಕರಿಗಾಗಿ ಪ್ರಾಯೋಗಿಕ ಆರೋಗ್ಯಧಾಮವನ್ನು ತೆರೆದ. 1829ರಲ್ಲಿ ರಾಜನೊಡನೆ ಒಪ್ಪಂದವಾಗಿ, ವಾಯಿ ಕಡೆಯ ಖಂಡಾಳಾ ಎಂಬ ಊರನ್ನು ಅವನಿಗೆ ಬಿಟ್ಟುಕೊಟ್ಟು ಕಂಪನಿ ಈ ಬೆಟ್ಟವನ್ನು ಪಡೆಯಿತು. ಒಂದು ಊರಿಗೆ ಒಂದು ಬೆಟ್ಟ! ಹತ್ತು ವರ್ಷಗಳಲ್ಲಿ, 1839ರಲ್ಲಿ, ಪ್ರತಾಪಸಿಂಹನನ್ನು ಗದ್ದುಗೆಯಿಂದಿಳಿಸಿ ಕಾಶಿಗೆ ಕಳುಹಿಸಲಾಯಿತು. ಅವನ ತಮ್ಮ ಅಪ್ಪಾಸಾಹೇಬ ಗದ್ದುಗೆಯೇರಿದ. ಇಂದು ಪ್ರವಾಸಿಗರು ದೋಣಿ ನಡೆಸುವ ವೇಣ್ಣಾ ಕೆರೆಯನ್ನು 1842ರಲ್ಲಿ ಕಟ್ಟಿಸಿದವನು ಅವನೇ. 1848ರಲ್ಲಿ ಅವನೂ ತೀರಿಕೊಂಡಾಗ ದತ್ತಕವನ್ನು ಒಪ್ಪದೆ ಸಾತಾರಾ ರಾಜ್ಯವನ್ನೇ ನುಂಗಿಹಾಕಿದರು. ಊರಿಗೆ ಊರು ಕೊಟ್ಟು ಪಡೆದ ನ್ಯಾಯ ರಾಜ್ಯವನ್ನು ಪಡೆಯುವಾಗ ಬೇಕಾಗಲಿಲ್ಲ.

ಪೇಟೆಯ ಸುತ್ತಲಿನ ನೋಡುವ ತಾಣಗಳಿಗೆಲ್ಲ 'ಪಾಯಿಂಟ್' ಎಂದು ಹೆಸರು. ಲಾಡ್ವಿಕ್ ಪಾಯಿಂಟ್, ಎಲ್ಫಿನ್‌ಸ್ಟನ್ ಪಾಯಿಂಟ್, ಬಾಬಿಂಗ್ಟನ್ ಪಾಯಿಂಟ್, ಸೂರ್ಯಾಸ್ತಕ್ಕೆ ಹೆಸರಾದ ಬಾಂಬೆ ಪಾಯಿಂಟ್. ಮಾಲ್ಕಂನ ಮಗಳ ಹೆಸರಿನ ಕೇಟ್ಸ್ ಪಾಯಿಂಟ್‌ನಿಂದ ಕೃಷ್ಣಾ ಕಣಿವೆಯೂ ಅಣೆಕಟ್ಟಿನ ಹಿನ್ನೀರೂ ಒಂದೇ ನೋಟಕ್ಕೆ ಕಾಣುತ್ತವೆ. ಸ್ಥಳೀಯರಿಗೆ ಅದು ನಾಕೇಖಿಂಡ. ಬೆಟ್ಟದ ಅತ್ಯುನ್ನತ ಭಾಗ, ಸುಮಾರು 1,440 ಮೀಟರ್ ಎತ್ತರದ ವಿಲ್ಸನ್ ಪಾಯಿಂಟ್, 1920ರ ದಶಕದ ಗವರ್ನರ್ ಲೆಸ್ಲಿ ವಿಲ್ಸನ್‌ನ ಹೆಸರನ್ನು ಹೊತ್ತಿದೆ. ಅದಕ್ಕೂ ಮೊದಲು ಅದು ಸಿಂಡೋಳಾ ಗುಡ್ಡ. ಆರ್ಥರ್ಸ್ ಸೀಟ್ ಎಂಬಲ್ಲಿ ಮೊದಲು ಮನೆ ಮಾಡಿದ ಆರ್ಥರ್ ಮ್ಯಾಲೆಟ್‌ನ ಕುಟುಂಬ ಕೆಳಗಿನ ಸಾವಿತ್ರಿ ನದಿಯಲ್ಲಿ ಮುಳುಗಿ ಸತ್ತಿತೆಂದೂ ಅವನು ಅಲ್ಲಿ ಕುಳಿತು ಆ ನದಿಯನ್ನು ನೋಡುತ್ತಿದ್ದನೆಂದೂ ಮಾರ್ಗದರ್ಶಿಗಳು ಹೇಳುತ್ತಾರೆ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲೂ ಆರ್ಥರ್ಸ್ ಸೀಟ್ ಎಂಬ ಪ್ರಸಿದ್ಧ ಗುಡ್ಡವಿದೆ. ಆ ಹೆಸರನ್ನು ಉಚ್ಚರಿಸಿದಾಗ ತವರಿನಿಂದ ದೂರವಿದ್ದ ಸ್ಕಾಟರಿಗೆ ಏನನ್ನಿಸಿರಬಹುದೆಂದು ಊಹಿಸಬಲ್ಲೆ.

ಇಂಗ್ಲಿಷ್ ಸಾಹಿತ್ಯವನ್ನು ಓದಿದ ನನಗೆ ವರ್ಡ್ಸ್‌ವರ್ತ್ ತನ್ನ ಸರೋವರಗಳ ನಾಡಿನ ಪುಟ್ಟಪುಟ್ಟ ಜಾಗಗಳಿಗೆ ಆಪ್ತರ ಹೆಸರಿಟ್ಟು ಬರೆದ ಕವಿತೆಗಳ ನೆನಪಾಯಿತು. 1800ರಲ್ಲಿ ಪ್ರಕಟವಾದ ಆ ಕವಿತೆಗಳನ್ನು ತರಗತಿಯಲ್ಲಿ ಓದುವಾಗ ಹೆಸರಿಡುವುದು ಪ್ರೀತಿಯ ಕೆಲಸವೆಂದೇ ತಿಳಿದಿದ್ದೆ. ಇಲ್ಲಿ ನಿಂತಾಗ ಹೆಸರಿಡುವುದು ಮರೆಸುವ ಕೆಲಸವೂ ಆಗಬಲ್ಲದು ಎಂದು ತೋರಿತು. ಸಿಂಡೋಳಾ, ನಾಕೇಖಿಂಡ ಎಂಬ ಹೆಸರುಗಳನ್ನು ಇಟ್ಟವರೂ ಯಾರೋ ಇದ್ದರಲ್ಲ! ಆದರೆ ನಾನು ಯಾರನ್ನು ದೂರಲಿ? ನಮ್ಮೂರಿನ ಹೊಲಗಳಿಗೂ ಹೆಸರುಗಳಿದ್ದವು: ಬಾಳಿತ್ವಾಟ, ಹುಣಸಿಹೊಲ, ಗೌಡರ ಮಡ್ಡಿ. ನೀರಿನಡಿಯ ಆ ಹೆಸರುಗಳು ನನ್ನ ತಾಯಿಗೆ ಗೊತ್ತು, ನನಗೆ ಅರ್ಧ ಗೊತ್ತು, ನನ್ನ ಮಗಳಿಗೆ ಗೊತ್ತೇ ಇಲ್ಲ.

ಬೆಟ್ಟದ ಚರಿತ್ರೆಯಲ್ಲಿ ಗವರ್ನರುಗಳಿಗಿಂತ ನನ್ನನ್ನು ಹೆಚ್ಚು ಕಾಡಿದವರು ಇಲ್ಲಿನ ಚೀನೀ ಕೈದಿಗಳು. ಮಲಯಾ, ಸಿಂಗಾಪುರ ಕಡೆಯ ಬ್ರಿಟಿಷ್ ವಸಾಹತುಗಳಿಂದ ಶಿಕ್ಷೆಗೊಳಗಾಗಿ ಬಂದ ಚೀನೀಯರನ್ನೂ ಮಲಯರನ್ನೂ ಇಲ್ಲಿನ ಸೆರೆಮನೆಯಲ್ಲಿ ಇಡುತ್ತಿದ್ದರು. 1864ರಲ್ಲಿ ಆ ಸೆರೆಮನೆ ಮುಚ್ಚಿತು. ಅವರು ಇಲ್ಲಿ ತೋಟಗಳನ್ನು ಮಾಡಿ ಆಲೂಗಡ್ಡೆ ಮತ್ತು ವಿಲಾಯತಿ ತರಕಾರಿಗಳನ್ನು ಬೆಳೆದರು, ಬುಟ್ಟಿ ಹೆಣೆಯುವ ಕೆಲಸವನ್ನು ಊರಿನವರಿಗೆ ಕಲಿಸಿದರು. ಅವರ ತೋಟಗಳ ಬಳಿಯ ಜಲಪಾತವನ್ನು ಇಂದಿಗೂ ಚೈನಾಮನ್ಸ್ ಫಾಲ್ಸ್ ಎನ್ನುತ್ತಾರೆ. ಅಲ್ಲಿ ಒಬ್ಬನ ಹೆಸರೂ ಉಳಿದಿಲ್ಲ, ಕುಲದ ಹೆಸರು ಮಾತ್ರ ಉಳಿದಿದೆ. ಪೇಟೆಯಲ್ಲಿ ಕೆಂಪಗೆ ರಾಶಿ ಹಾಕಿದ ಸ್ಟ್ರಾಬೆರಿಗಳಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಪರದೇಶದ ತರಕಾರಿಯನ್ನು ಈ ಮಣ್ಣಿಗೆ ಒಗ್ಗಿಸಿದವರಲ್ಲಿ ಊರಿಗೆ ಮರಳದ ಆ ಕೈಗಳೂ ಇದ್ದವು ಎಂಬುದನ್ನು ಸ್ಟ್ರಾಬೆರಿ ತಿನ್ನುವಾಗ ನೆನೆಯುವುದು ತಪ್ಪಲ್ಲ.

ಮರುದಿನ ಬೆಳಿಗ್ಗೆ ಪೇಟೆಯಿಂದ ಐದಾರು ಕಿಲೋಮೀಟರ್ ದೂರದ ಕ್ಷೇತ್ರ ಮಹಾಬಳೇಶ್ವರಕ್ಕೆ ಹೋದೆವು. ಗಿರಿಧಾಮಕ್ಕೆ ಇನ್ನೂರು ವರ್ಷ. ಕ್ಷೇತ್ರಕ್ಕೆ ಅದರ ಕೆಲವು ಪಟ್ಟು. ದಾರಿಯುದ್ದಕ್ಕೂ ನೇರಳೆ, ಅಳಲೆ, ಅಂಜನಿ ಮರಗಳ ಗುಜ್ಜಾದ ಕಾಡು. ಗಾಳಿಯ ಹೊಡೆತಕ್ಕೆ ಎತ್ತರವಾಗಿ ಬೆಳೆಯಲಾರದೆ ಅವು ಒಂದರೊಳಗೊಂದು ಕೈಸೇರಿಸಿ ನಿಂತಿವೆ. ಮಹಾಬಳೇಶ್ವರ ಎಂದರೆ ಕನ್ನಡಿಗನಿಗೆ ಮೊದಲು ನೆನಪಾಗುವುದು ಗೋಕರ್ಣ. ಇಲ್ಲಿನ ಕಥೆ ಬೇರೆ. ಮಹಾಬಲ ಮತ್ತು ಅತಿಬಲ ಎಂಬ ಅಸುರ ಸೋದರರು ಸಾಯುವ ಮುನ್ನ ತಮ್ಮ ಹೆಸರು ದೇವರಿಗೆ ಇರಲೆಂದು ಬೇಡಿಕೊಂಡರಂತೆ. ಸೋತವರ ಹೆಸರನ್ನು ಗೆದ್ದವರು ಹೊತ್ತ ಅಪರೂಪದ ಜಾಗವಿದು; ಪಾಯಿಂಟುಗಳ ಊರಿನಿಂದ ಬಂದವನಿಗೆ ಈ ಪುರಾಣ ಹೊಸದಾಗಿ ಕೇಳಿಸಿತು.

ಕೃಷ್ಣೆಯ ಉಗಮದಲ್ಲಿ ಗುಡಿಯನ್ನೂ ಕುಂಡವನ್ನೂ ಹದಿಮೂರನೆಯ ಶತಮಾನದಲ್ಲಿ ಕಟ್ಟಿಸಿದವನು ದೇವಗಿರಿಯ ಯಾದವ ದೊರೆ ಸಿಂಘಣ ಎಂಬುದು ಸ್ಥಳದ ಪರಂಪರೆ. ಯಾದವರನ್ನು ನಮ್ಮ ಚರಿತ್ರೆಕಾರರು ಸೇವುಣರೆಂದು ಕರೆಯುತ್ತಾರೆ. ಅವರ ಅನೇಕ ಶಾಸನಗಳು ಕನ್ನಡದಲ್ಲಿವೆ. ಸಿಂಘಣನ ಕಾಲದಲ್ಲಿ ಅವರ ರಾಜ್ಯ ಕೃಷ್ಣೆಯನ್ನು ದಾಟಿ ದಕ್ಷಿಣಕ್ಕೆ ಹಬ್ಬಿತ್ತು. 'ಸಂಗೀತರತ್ನಾಕರ'ವನ್ನು ರಚಿಸಿದ ಶಾರ್ಙ್ಗದೇವ ಅವನ ಆಶ್ರಯದಲ್ಲಿದ್ದ. ಆ ದೊರೆಗೆ ಮರಾಠಿಯೂ ಕನ್ನಡವೂ ತನ್ನವೇ ಆಗಿದ್ದವು. ಶಾಸನಗಳಲ್ಲಿ ಕೃಷ್ಣೆಗೆ ಪೆರ್ದೊರೆ ಎಂಬ ಅಚ್ಚಗನ್ನಡದ ಹೆಸರಿದೆ. ಪೆರ್ ಎಂದರೆ ಹಿರಿದು, ತೊರೆ ಎಂದರೆ ಹೊಳೆ.

ಪಂಚಗಂಗಾ ದೇವಾಲಯದ ಒಳಗೆ ಕಲ್ಲಿನ ಹಸುವಿನ ಬಾಯಿಂದ ನೀರು ಬೀಳುತ್ತದೆ. ಕೃಷ್ಣಾ, ವೇಣ್ಣಾ, ಕೊಯ್ನಾ, ಗಾಯತ್ರಿ, ಸಾವಿತ್ರಿ ಎಂಬ ಐದು ನದಿಗಳ ಮೂಲ ಇದೇ ಎಂದು ನಂಬುಗೆ. ಭಾಗೀರಥಿ ಹನ್ನೆರಡು ವರ್ಷಕ್ಕೊಮ್ಮೆ, ಸರಸ್ವತಿ ಅರವತ್ತು ವರ್ಷಕ್ಕೊಮ್ಮೆ ಇಲ್ಲಿ ಕಾಣಿಸಿಕೊಳ್ಳುತ್ತಾರೆಂದೂ ಹೇಳುತ್ತಾರೆ. ಭೂಗೋಳದ ಮಾತಿನಲ್ಲಿ ಹೇಳುವುದಾದರೆ ಇದು ಜಲವಿಭಾಜಕದ ನೆತ್ತಿ. ಸಾವಿತ್ರಿ ಪಶ್ಚಿಮಕ್ಕೆ ಧುಮುಕಿ ಬಾಣಕೋಟದ ಬಳಿ ಅರಬ್ಬೀ ಸಮುದ್ರ ಸೇರುತ್ತದೆ. ಕೃಷ್ಣೆ ಪೂರ್ವಕ್ಕೆ ತಿರುಗಿ, ಸಾತಾರೆಯ ಹತ್ತಿರ ವೇಣ್ಣೆಯನ್ನು, ಕರಾಡದಲ್ಲಿ ಕೊಯ್ನೆಯನ್ನು ಕೂಡಿಕೊಂಡು, ಸಾಂಗ್ಲಿ, ನರಸೋಬನ ವಾಡಿಗಳನ್ನು ದಾಟಿ ಬೆಳಗಾವಿ ಜಿಲ್ಲೆಗೆ ಬರುತ್ತಾಳೆ; ಕೂಡಲಸಂಗಮದಲ್ಲಿ ಮಲಪ್ರಭೆಯನ್ನು ಸೇರಿಸಿಕೊಂಡು ಸುಮಾರು 1,400 ಕಿ.ಮೀ. ನಡೆದು ಬಂಗಾಳ ಕೊಲ್ಲಿಗೆ ಸಲ್ಲುತ್ತಾಳೆ. ಪಶ್ಚಿಮದ ಕಡಲು ಇಲ್ಲಿಂದ ನೂರು ಕಿಲೋಮೀಟರ್ ಕೂಡ ಇಲ್ಲ. ಹತ್ತಿರದ ಕಡಲನ್ನು ಬಿಟ್ಟು ದೂರದ ಕಡಲಿಗೆ ಹೊರಟ ಕಾರಣಕ್ಕೇ ನಾಲ್ಕು ರಾಜ್ಯಗಳು ಬದುಕಿವೆ.

ತಾಯಿ ಆ ಹಸುವಿನ ಬಾಯಿಯ ಮುಂದೆ ಬಹಳ ಹೊತ್ತು ನಿಂತರು. ಬೆರಳು ದಪ್ಪದ ಧಾರೆ. ಕೈಯೊಡ್ಡಿ, ತಲೆಗೆ ಹಚ್ಚಿಕೊಂಡು, ನನ್ನ ಕಡೆ ತಿರುಗಿ ಕೇಳಿದರು: "ಇಷ್ಟಽ ಏನೋ ತಮ್ಮಾ? ಇಷ್ಟ ನೀರು ನಮ್ಮ ಮನಿ ಮಾಡದ ಮಟಾ ಬಂತಾ?" ನಾನು ಉಪನದಿಗಳನ್ನೂ ಮಳೆಯನ್ನೂ ಅಣೆಕಟ್ಟಿನ ಗೋಡೆಯನ್ನೂ ವಿವರಿಸಲು ಹೊರಟು ಸುಮ್ಮನಾದೆ. ಮನೆಯ ಗೋಡೆಯ ಮಾಡದಲ್ಲಿ ಅವರು ದೀಪ ಇಡುತ್ತಿದ್ದರು. ನೀರು ಬಂದ ವರ್ಷ ಕೊನೆಯ ಸಲ ಆ ದೀಪವನ್ನು ಹಚ್ಚಿಟ್ಟೇ ಬಾಗಿಲು ಎಳೆದುಕೊಂಡು ಬಂದಿದ್ದರೆಂದು ನನಗೆ ತಿಳಿದದ್ದು ಆ ಗುಡಿಯಲ್ಲಿ, ಇಪ್ಪತ್ತು ವರ್ಷಗಳ ಮೇಲೆ.

ಇದೇ ಕ್ಷೇತ್ರದಲ್ಲಿ 1665ರ ಜನವರಿಯಲ್ಲಿ ಶಿವಾಜಿ ಮಹಾರಾಜರು ತಾಯಿ ಜೀಜಾಬಾಯಿಯವರಿಗೆ ಚಿನ್ನದ ತುಲಾಭಾರ ಮಾಡಿಸಿದರು. ಅದಕ್ಕೆ ಒಂದು ವರ್ಷ ಮೊದಲು, 1664ರ ಜನವರಿಯಲ್ಲಿ, ಅವರ ತಂದೆ ಶಹಾಜಿ ನಮ್ಮ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ ಬೇಟೆಯ ವೇಳೆ ಕುದುರೆಯಿಂದ ಬಿದ್ದು ತೀರಿಕೊಂಡಿದ್ದರು. ಬಿಜಾಪುರದ ಸರದಾರರಾಗಿ ಬೆಂಗಳೂರಿನ ಜಹಗೀರನ್ನು ಆಳಿದ ಅವರ ಸಮಾಧಿ ಇಂದಿಗೂ ಅಲ್ಲಿದೆ.

ಮಧ್ಯಾಹ್ನ ಪ್ರತಾಪಗಡಕ್ಕೆ ಇಳಿದೆವು. ಜಾವಳಿಯ ಈ ದಟ್ಟ ಕಣಿವೆ 1656ರ ವರೆಗೆ ಆದಿಲಶಾಹಿಯ ಸಾಮಂತರಾದ ಮೋರೆಗಳ ವಶದಲ್ಲಿತ್ತು. ಅದನ್ನು ಗೆದ್ದ ಶಿವಾಜಿ ಮಹಾರಾಜರು ಮೋರೋಪಂತ ಪಿಂಗಳೆಯ ಉಸ್ತುವಾರಿಯಲ್ಲಿ ಕೋಟೆಯನ್ನು ಕಟ್ಟಿಸಿದರು. 1659ರ ನವೆಂಬರ್ 10ರಂದು ಕೋಟೆಯ ಬುಡದಲ್ಲಿ ಅಫಜಲಖಾನನ ಅಂತ್ಯವಾಯಿತು. ಕೋಟೆಯ ಮೇಲಿನ ಅಶ್ವಾರೂಢ ಪ್ರತಿಮೆಯನ್ನು 1957ರಲ್ಲಿ ಪ್ರಧಾನಿ ನೆಹರೂ ಅನಾವರಣ ಮಾಡಿದರು. ಅಲ್ಲಿ ಜಯಘೋಷ ಮಾಡುತ್ತಿದ್ದ ಶಾಲಾ ಮಕ್ಕಳ ನಡುವೆ ನಿಂತಾಗ, ವಿಜಯಪುರದ ಹೊರವಲಯದ ಸಾಠ್ ಕಬರ್ ನನಗೆ ನೆನಪಾಯಿತು. ಒಂದೇ ಅಳತೆಯ ಅರವತ್ತಕ್ಕೂ ಹೆಚ್ಚು ಗೋರಿಗಳು ಸಾಲುಸಾಲಾಗಿ ಅಲ್ಲಿವೆ. ಈ ದಂಡಯಾತ್ರೆಯಿಂದ ತಾನು ಮರಳಲಾರೆನೆಂಬ ಭವಿಷ್ಯವನ್ನು ಕೇಳಿ ಖಾನ ತನ್ನ ಪತ್ನಿಯರನ್ನು ಕೊಂದು ಹೊರಟನೆಂದು ಜನ ಹೇಳುವ ಕಥೆ ಆ ಗೋರಿಗಳದ್ದು. ಕಥೆಯ ನಿಜ ಎಷ್ಟೇ ಇರಲಿ, ತನಗಾಗಿ ಅವನು ವಿಜಯಪುರದಲ್ಲಿ ಕಟ್ಟಿಸಿಕೊಳ್ಳುತ್ತಿದ್ದ ಗೋರಿ ಬರಿದಾಗಿಯೇ ಉಳಿಯಿತು. ಅವನು ಮಲಗಿರುವುದು ಪ್ರತಾಪಗಡದ ಬುಡದಲ್ಲಿ. ಮರಾಠಾ ದೊರೆಯ ತಂದೆ ಕನ್ನಡದ ಮಣ್ಣಿನಲ್ಲಿ, ಬಿಜಾಪುರದ ಸೇನಾಪತಿ ಮರಾಠಿ ಮಣ್ಣಿನಲ್ಲಿ. ಪುಣೆಯಲ್ಲಿ ಬಾಳುವ ವಿಜಯಪುರ ಸೀಮೆಯವನಿಗೆ ಇಲ್ಲಿ ಯಾರ ಪಕ್ಷವಹಿಸಬೇಕೆಂಬ ಪ್ರಶ್ನೆಯನ್ನು ಸ್ನೇಹಿತರು ನಗುತ್ತ ಕೇಳುವುದುಂಟು. ಅಂದಿನ ಸೈನ್ಯಗಳಲ್ಲಿ ಎರಡೂ ಧರ್ಮದವರು, ಎರಡೂ ಭಾಷೆಯವರು ಎರಡೂ ಕಡೆ ಇದ್ದರು. ನಮ್ಮ ಇಂದಿನ ಗಡಿರೇಖೆಗಳನ್ನು ಅವರ ಮೇಲೆ ಎಳೆದರೆ ಆ ಚರಿತ್ರೆ ಅರ್ಥವಾಗುವುದಿಲ್ಲ ಎಂಬುದಷ್ಟೇ ನನ್ನ ಉತ್ತರ.

ಮೂರನೆಯ ದಿನ ತಾಪೋಳಕ್ಕೆ ಹೋದೆವು. ಮಹಾಬಳೇಶ್ವರದಿಂದ ಇಪ್ಪತ್ತೈದು ಕಿಲೋಮೀಟರ್ ಚಿಲ್ಲರೆ ಇಳಿಜಾರು. 'ಮಿನಿ ಕಾಶ್ಮೀರ' ಎಂದು ಫಲಕಗಳು ಹೇಳುತ್ತವೆ. ಹಿಮಾಲಯ ನಮ್ಮನ್ನು ಬಿಟ್ಟರೂ ಅದರ ಹೆಸರು ಬಿಡಲಿಲ್ಲ! ನಾಲ್ಕೂ ಕಡೆ ಹಸಿರು ಬೆಟ್ಟ, ನಡುವೆ ನೀಲಿ ನೀರು. ಅದು ಕೊಯ್ನಾ ಅಣೆಕಟ್ಟಿನ ಹಿನ್ನೀರು, ಹೆಸರು ಶಿವಸಾಗರ. 1960ರ ದಶಕದ ಆರಂಭದಲ್ಲಿ ಕಟ್ಟಿ ಮುಗಿಸಿದ, ನೂರು ಮೀಟರಿಗೂ ಎತ್ತರದ ಆ ಗೋಡೆ ಕಣಿವೆಯ ಹಲವಾರು ಹಳ್ಳಿಗಳನ್ನು ನೀರಿನಡಿಗೆ ಕಳುಹಿಸಿತು. ಬೆಟ್ಟವನ್ನು ಕೊರೆದ ಸುರಂಗಗಳ ಮೂಲಕ ಆ ನೀರಿನ ದೊಡ್ಡ ಭಾಗ ಪಶ್ಚಿಮಕ್ಕೆ ಧುಮುಕಿ, ವಿದ್ಯುತ್ತಾಗಿ, ವಾಶಿಷ್ಠಿ ನದಿಯ ಮೂಲಕ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಪೂರ್ವಕ್ಕೆ ಹೊರಟ ನೀರನ್ನು ಮನುಷ್ಯ ಹಿಂದಕ್ಕೆ ತಿರುಗಿಸಿದ ಉದಾಹರಣೆಯಿದು. ನಮ್ಮ ಆಲಮಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟದ್ದು 1964ರಲ್ಲಿ. ಅಲ್ಲಿ ನೀರು ನಿಲ್ಲಲು ಮತ್ತೆ ಮೂರೂವರೆ ದಶಕ ಹಿಡಿಯಿತು.

ದೋಣಿಯವರು ವಯಸ್ಸಾದವರು. ನಡುನೀರಿಗೆ ಬಂದಾಗ ನಮ್ಮ ಪ್ರಶ್ನೆಗೆ ಕಾಯದೆ, ಬೇಸಿಗೆಯ ಕೊನೆಗೆ ನೀರು ಇಳಿದರೆ ಹಳೆಯ ಗುಡಿಯ ಕಟ್ಟೆ ಕಾಣುತ್ತದೆ ಎಂದು ಮರಾಠಿಯಲ್ಲಿ ಹೇಳಿದರು. ಅವರ ಊರು ಅಲ್ಲಿಯೇ ಕೆಳಗಿತ್ತು. ಅಣ್ಣತಮ್ಮಂದಿರು ಬೇರೆ ಜಿಲ್ಲೆಗಳಿಗೆ ಹೋದರು. ಇವರ ತಂದೆ ಮಾತ್ರ ಬೆಟ್ಟದ ಮೇಲ್ಗಡೆ ಗುಡಿಸಲು ಹಾಕಿಕೊಂಡು ಉಳಿದರು. ನನ್ನ ತಾಯಿಗೆ ಮರಾಠಿ ಅಷ್ಟಕ್ಕಷ್ಟೆ. ಆದರೆ 'ದೇವಳ', 'ಪಾಣಿ', 'ಗಾವ' ಎಂಬ ಮೂರು ಶಬ್ದಗಳಲ್ಲಿ ಅವರಿಗೆ ಎಲ್ಲವೂ ತಿಳಿದಿತ್ತು. ನೀರಿಗೆ ಕೈ ತೋರಿಸಿ, ತಮ್ಮೆದೆಯ ಮೇಲೆ ಕೈಯಿಟ್ಟುಕೊಂಡು, "ನಮ್ದೂ ಹಿಂಗಽ" ಎಂದರು. ಆ ಹಿರಿಯರು ಹುಟ್ಟು ಹಾಕುವುದನ್ನು ನಿಲ್ಲಿಸಿದರು. ದೋಣಿ ತನ್ನಷ್ಟಕ್ಕೆ ಸ್ವಲ್ಪ ದೂರ ಜಾರಿತು. ತಾಯಿ ಚೀಲದಿಂದ ಕುಸುರೆಳ್ಳಿನ ಡಬ್ಬಿಯನ್ನು ತೆಗೆದು ಅವರ ಕೈಗೆ ಒಂದಿಷ್ಟು ಹಾಕಿದರು. ಎಳ್ಳು ತಿಂದು ಒಳ್ಳೆಯ ಮಾತಾಡೋಣ ಎನ್ನುವ ಸಂಕ್ರಾಂತಿಯ ಮಾತು ಎರಡೂ ಭಾಷೆಗಳಲ್ಲಿದೆ. ಅವರು ಮರಾಠಿಯಲ್ಲಿ ಹೇಳಿದರು, ಇವರು ಕನ್ನಡದಲ್ಲಿ.

ನನ್ನ ಕಚೇರಿಯಲ್ಲಿ ಸಾಂಗ್ಲಿಯ ಸಹೋದ್ಯೋಗಿಯೊಬ್ಬರಿದ್ದಾರೆ. 2019ರ ಆಗಸ್ಟಿನ ಪ್ರವಾಹದಲ್ಲಿ ಅವರ ಮನೆಯ ನೆಲಮಹಡಿಯವರೆಗೆ ಕೃಷ್ಣೆ ಬಂದಿದ್ದಳು. "ಕೆಳಗೆ ನಿಮ್ಮವರು ತಡೆದರೆ ಮೇಲೆ ನಾವು ಮುಳುಗುತ್ತೇವೆ" ಎಂದು ಅವರು ಒಮ್ಮೆ ಕೋಪದಲ್ಲಿ ಅಂದಿದ್ದರು. "ತಡೆದ ನೀರಿನಲ್ಲಿ ಮೊದಲು ಮುಳುಗಿದವರು ನಾವೇ" ಎಂದು ನಾನೂ ಕೋಪದಲ್ಲೇ ಉತ್ತರ ಕೊಟ್ಟಿದ್ದೆ. ನ್ಯಾಯಾಧಿಕರಣಗಳು ನೀರನ್ನು ಹಂಚಿವೆ, ಹಂಚಬೇಕು. ಅಣೆಕಟ್ಟಿನ ಎತ್ತರವನ್ನು ಮೀಟರಿನ ಮೂರನೇ ದಶಾಂಶದವರೆಗೆ, 524.256 ಎಂದು, ಅಳೆದಿವೆ. ಆದರೆ ಆ ದಿನದ ನಮ್ಮ ಮಾತಿನಲ್ಲಿ ತಾಪೋಳದ ದೋಣಿಯವರು ಇರಲಿಲ್ಲ. ಇದ್ದಿದ್ದರೆ ಮಾತು ಬೇರೆಯಾಗುತ್ತಿತ್ತೇನೋ.

ಮಹಾಬಳೇಶ್ವರ-ಪಂಚಗಣಿ ಪ್ರದೇಶವನ್ನು 2001ರಲ್ಲಿ ಪರಿಸರಸೂಕ್ಷ್ಮ ವಲಯವೆಂದು ಘೋಷಿಸಲಾಗಿದೆ. ಆದರೂ ರಜಾದಿನಗಳಲ್ಲಿ ವೇಣ್ಣಾ ಕೆರೆಯ ಬಳಿ ವಾಹನಗಳ ಸಾಲು ಕರಗುವುದಿಲ್ಲ, ಕಾಡಿನ ಅಂಚಿನಲ್ಲಿ ಪ್ಲಾಸ್ಟಿಕ್ಕು ತಪ್ಪುವುದಿಲ್ಲ. ಆರ್ಥರ್ಸ್ ಸೀಟ್‌ನಲ್ಲಿ ಕಣಿವೆಯಿಂದೇಳುವ ಗಾಳಿ ಹಗುರವಾದ ವಸ್ತುಗಳನ್ನು ಮೇಲಕ್ಕೆ ತೇಲಿಸುತ್ತದೆಂದು ಪ್ರವಾಸಿಗರು ಬಾಟಲಿಯ ಮುಚ್ಚಳಗಳನ್ನು ಎಸೆದು ನೋಡುತ್ತಾರೆ. ತೇಲದವು ಸಾವಿತ್ರಿಗೆ ಹೋಗುತ್ತವೆ. ಇಲ್ಲಿ ಎಸೆದದ್ದು ಇಲ್ಲಿ ಉಳಿಯುವುದಿಲ್ಲ ಎಂಬುದು ಕೆಳದಂಡೆಯವರಾದ ನಮಗೆ ಬೇರೆಯವರಿಗಿಂತ ಹೆಚ್ಚು ಗೊತ್ತಿರಬೇಕು.

ನಿಗಡಿಗೆ ಮರಳಿದ ರಾತ್ರಿ ತಾಯಿ ನಲ್ಲಿಯಿಂದ ಚೆಂಬಿಗೆ ನೀರು ಹಿಡಿಯುತ್ತ, ಇದು ಯಾವ ಹೊಳೆಯದು ಎಂದು ಕೇಳಿದರು. ಇಷ್ಟು ವರ್ಷ ಇಲ್ಲಿದ್ದೂ ಅವರು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ನಮ್ಮ ನಲ್ಲಿಗೆ ಬರುವುದು ಪವನಾ ನದಿಯ ನೀರು. ಪವನಾ ದಾಪೋಡಿಯಲ್ಲಿ ಮುಳೆಯನ್ನು ಸೇರುತ್ತದೆ. ಮುಳಾ-ಮುಠಾ ಒಂದಾಗಿ ಭೀಮೆಯನ್ನು ಸೇರುತ್ತವೆ. ಭೀಮೆ ಪಂಢರಪುರವನ್ನು ಬಳಸಿ, ಕಲಬುರ್ಗಿ ಸೀಮೆಯನ್ನು ಹಾದು, ರಾಯಚೂರಿನ ಉತ್ತರಕ್ಕೆ ಕೃಷ್ಣೆಯನ್ನು ಕೂಡುತ್ತದೆ. ನಾನು ಮಗಳ ಶಾಲೆಯ ನಕಾಶೆಯನ್ನು ತಂದು ಬೆರಳಿನಿಂದ ಆ ಗೆರೆಯನ್ನು ತೋರಿಸಿದೆ. ಮಗಳೂ ಬಂದು ಕುಳಿತಳು. ಬೀಳಗಿಯ ಬಳಿ ನನ್ನ ಬೆರಳು ನಿಂತಾಗ ತಾಯಿ ಅವಳಿಗೆ ಹೊಲಗಳ ಹೆಸರುಗಳನ್ನು ಹೇಳತೊಡಗಿದರು: ಬಾಳಿತ್ವಾಟ, ಹುಣಸಿಹೊಲ, ಗೌಡರ ಮಡ್ಡಿ. ಅವಳು ಪೆನ್ಸಿಲ್ ತೆಗೆದುಕೊಂಡು ನಕಾಶೆಯ ನೀಲಿ ಭಾಗದ ಮೇಲೆ ಅವನ್ನು ಒಂದೊಂದಾಗಿ ಬರೆದುಕೊಂಡಳು.